ಫಿಟ್ಟರಮ್ಮನ ಚೂರಿ, ನನ್ನ ಸ್ವಾಹಿಲಿ

ಎಂಟು ಹಳೇ ಜಿನ್ ಮಷೀನುಗಳನ್ನು ಬಿಚ್ಚಿ, ಹೊಸದರಂತೆ ಮಾಡಿ, ಟಾಂಜಾನಿಯಾಕ್ಕೆ ಕಳಿಸುವ ಕೆಲಸ ನಮ್ಮ ಮಿಲ್ಲಿಗೆ ಬಂದಾಗ ಸೀಜನ್ನು ಮುಗಿಯುತ್ತಾ ಬಂದಿತ್ತು. ಗೋನೆಗಂಡ್ಲ ಕಡೆಯಿಂದ ಕೊನೇ ಹತ್ತಿಯ ಟ್ರ್ಯಾಕ್ಟರು ಒಂದೊಂದು ಬರುತ್ತಿದ್ದವು. ಆದೋನಿಯ ಬಿಸಿಲು ಶೆಡ್ಡಿನ ತಗಡನ್ನು ಹತ್ತು ಗಂಟೆಗೇ ಕಾಯಿಸುತ್ತಿತ್ತು.

ಜಿನ್ ಮಷೀನು ಎಂದರೆ ಹತ್ತಿಯಿಂದ ಕಾಳನ್ನು ಬೇರೆ ಮಾಡುವ ಯಂತ್ರ. ಒಳಗೆ ಚರ್ಮದ ಎರಡು ರೋಲರು. ಒಂದೊಂದು ರೋಲರಿಗೂ ಒತ್ತಿಕೊಂಡು ಉದ್ದನೆಯ ಒಂದು ಚೂರಿ ನಿಂತಿರುತ್ತದೆ. ನಡುವೆ ಇನ್ನೊಂದು ಚೂರಿ ಮೇಲೆ ಕೆಳಗೆ ಆಡುತ್ತಿರುತ್ತದೆ. ಚರ್ಮ ಅರಳೆಯನ್ನು ಎಳೆದುಕೊಳ್ಳುತ್ತದೆ, ನಿಂತ ಚೂರಿ ಕಾಳನ್ನು ತಡೆಯುತ್ತದೆ, ಆಡುವ ಚೂರಿ ಕಾಳನ್ನು ಬಡಿದು ಕೆಳಗೆ ಬೀಳಿಸುತ್ತದೆ. ಚೂರಿ ಚರ್ಮಕ್ಕೆ ಎಷ್ಟು ಒತ್ತಬೇಕು, ಚೂರಿಗೂ ಚೂರಿಗೂ ನಡುವೆ ಎಷ್ಟು ಸಂದು ಇರಬೇಕು, ನನ್ನಂಥ ಫಿಟ್ಟರ್ ಮಿಸ್ತ್ರಿಯ ವಿದ್ಯೆಯೆಲ್ಲ ಅಲ್ಲೇ ಇರೋದು. ಒತ್ತಡ ಹೆಚ್ಚಾದರೆ ಚರ್ಮ ಕಾದು ಸುಟ್ಟ ವಾಸನೆ ಬರುತ್ತದೆ. ಕಡಿಮೆಯಾದರೆ ಕಾಳಿನ ಮೇಲೆ ಅರಳೆ ಹಾಗೇ ಉಳಿಯುತ್ತದೆ. ಸಂದು ತಪ್ಪಿದರೆ ಕಾಳು ಒಡೆದು, ಚೂರು ಅರಳೆಯೊಳಗೆ ಸೇರುತ್ತದೆ.

ಕೊಂಡವರು ಒಂದು ಶರತ್ತು ಹಾಕಿದ್ದರು. ನಮ್ಮ ಕಡೆಯ ಒಬ್ಬರನ್ನು ಅಲ್ಲಿಗೆ ಕಳಿಸುತ್ತೇವೆ, ಅವರಿಗೆ ಚೂರಿ ಕೂಡಿಸುವುದನ್ನು ಕಲಿಸಿ, ಆಮೇಲೆ ಕಂಟೇನರ್ ತುಂಬಿರಿ ಎಂದು. ನಾವೆಲ್ಲ ಯಾವನೋ ಒಬ್ಬ ದಾಂಡಿಗ ಬರುತ್ತಾನೆ ಎಂದುಕೊಂಡಿದ್ದೆವು. ಕಾರಿನಿಂದ ಇಳಿದದ್ದು ನಲವತ್ತರ ಆಸುಪಾಸಿನ ಹೆಣ್ಣುಮಗಳು. ಎತ್ತರದ ಆಳು. ತಲೆಗೆ ಹಳದಿ ಬಟ್ಟೆ ಸುತ್ತಿದ್ದಳು, ಕಾಲಲ್ಲಿ ಗಟ್ಟಿ ಬೂಟು.

ಹತ್ತಿ ಹಸನು ಮಾಡುವ ಹೆಂಗಸರೆಲ್ಲ ಕೈಯಲ್ಲಿನ ಕೆಲಸ ಬಿಟ್ಟು ನೋಡಿದರು. ಅವರ ಮುಂದಾಳು ಚಿಪ್ಪಗಿರಿ ಕಡೆಯ ಒಬ್ಬ ವಯಸ್ಸಾದ ಹೆಂಗಸು. ಮಿಲ್ಲಿನಲ್ಲಿ ಸಾವ್ಕಾರರನ್ನು ಸೇರಿಸಿ ಎಲ್ಲರೂ ಆಕೆಗೆ ಅವ್ವ ಅನ್ನುತ್ತೇವೆ.

"ಯವ್ವಾ, ಏನ್ ಎತ್ತರ ಅದಾಳ! ಈಕಿ ಇದ್ರ ನಮಗ ನಿಚ್ಚಣಿಕಿ ಬ್ಯಾಡ," ಅಂದಳು ಅವ್ವ. ಮರುದಿನದಿಂದ ಬಂದವಳಿಗೆ 'ಫಿಟ್ಟರಮ್ಮ' ಅಂತ ಹೆಸರು ಬಿತ್ತು.

ಸಾವ್ಕಾರರ ಗುಮಾಸ್ತನಿಗೆ ಇಂಗ್ಲಿಷು ಬರುತ್ತದೆ. ಫಿಟ್ಟರಮ್ಮನಿಗೂ ಸ್ವಲ್ಪ ಬರುತ್ತಿತ್ತು. ಆಕೆಯ ಕಥೆ ಗುಮಾಸ್ತನ ಬಾಯಲ್ಲೇ ನನಗೆ ತಿಳಿಯಿತು. ಆಕೆ ತನ್ನ ಮಿಲ್ಲಿನಲ್ಲಿ ಬಹಳ ವರ್ಷ ತೂಕದ ಕಾಟಾದ ಹತ್ತಿರ ನಿಂತವಳು, ಆಮೇಲೆ ಒಂದು ಪಾಳಿಯ ಮೇಲ್ವಿಚಾರಣೆಗೆ ಬಂದವಳು. ಈ ಎಂಟು ಮಷೀನುಗಳ ಚೂರಿಯನ್ನು ತಾನೇ ಕೂಡಿಸಿ ತೋರಿಸಿದರೆ ಅವು ನಿಲ್ಲುವ ಹೊಸ ಮಷೀನ್ ಹಾಲಿನ ಉಸ್ತುವಾರಿ ಆಕೆಯ ಕೈಗೆ. ಆಗದಿದ್ದರೆ ಹೊರಗಿನಿಂದ ಫಿಟ್ಟರ್ ತರಿಸುತ್ತಾರೆ, ಆಕೆ ಮತ್ತೆ ಕಾಟಾಕ್ಕೆ. ಕೈಕೆಳಗೆ ಕೆಲಸ ಮಾಡಬೇಕಾದ ಗಂಡಸರು ಆಗಲೇ ನಗುತ್ತಿದ್ದರಂತೆ.

ಮೊದಲ ದಿನಗಳಲ್ಲಿ ನಾನು ಹೇಳಿದ್ದನ್ನು ಗುಮಾಸ್ತ ಇಂಗ್ಲಿಷಿಗೆ ಹಾಕುತ್ತಿದ್ದ. ನಾನು ಅಂದೆ, "ಚೂರಿ ಚರ್ಮಕ್ಕ ತಾಕಬೇಕು, ಒತ್ತಬಾರದು. ಪೇಪರ್ ಪಟ್ಟಿ ಇಟ್ಟು ಎಳದ್ರ ಬರಬೇಕು, ಆದ್ರ ಸುಮ್ಮನ ಬರಬಾರದು."

ಇಷ್ಟುದ್ದ ಮಾತಿಗೆ ಅವನು ಎರಡೇ ಶಬ್ದ ಹೇಳಿದ. ಆಕೆ ನಟ್ಟಿಗೆ ಪಾನಾ ಹಾಕಿ ತಿರುಗಿಸಿ ಚೂರಿಯನ್ನು ಚರ್ಮದೊಳಗೆ ಇಳಿಸಿಬಿಟ್ಟಳು.

"ಏನ್ ಹೇಳಿದೆಪ್ಪಾ ಆಕಿಗೆ?"

"ಟೈಟ್ ಮಾಡು ಅಂತ."

"ಟೈಟ್ ಅಂದೆನೇನು ನಾನು?"

"ಮತ್ತೇನು, ಲೂಸ್ ಅಂದ್ರಾ?"

ಫೋನಿನಲ್ಲಿ ಮಾತಾಡಿದರೆ ಫೋನೇ ಭಾಷೆ ಬದಲಿಸಿ ಹೇಳುತ್ತದಲ್ಲ, ಅದನ್ನೂ ನೋಡಿದೆವು. ಪಕ್ಕದ ಹಾಲಿನಲ್ಲಿ ಮಷೀನು ನಡೆಯುವಾಗ ಅದಕ್ಕೆ ನನ್ನ ದನಿಯೇ ಕೇಳಲಿಲ್ಲ. ಕೇಳಿದ ಒಂದು ಸಲ ಏನು ಹೇಳಿತೋ, ಫಿಟ್ಟರಮ್ಮ ಪಾನಾ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು. ಚೂರಿಗೆ ಮುದ್ದು ಕೊಡು ಎಂದಿತಂತೆ.

ಸಾವ್ಕಾರರ ಹತ್ತಿರ ಹೋಗಿ ಹೇಳಿದೆ. "ನಡುವ ಒಬ್ಬಾತ ನಿಂತ್ರ ಈ ಕೆಲಸ ಆಗಂಗಿಲ್ರೀ. ಆಕಿ ಮಾತು ನಾನೇ ಕಲಿತೀನಿ."

ಸಾವ್ಕಾರರು ಒಳ್ಳೆಯವರೇ, ಆದರೆ ಚುಚ್ಚದೆ ಬಿಡುವವರಲ್ಲ. "ಆರನೇ ಕ್ಲಾಸಿಗೆ ಸಾಲಿಗೆ ಶರಣು ಹೊಡದಾವ ನೀನು. ಈಗ ಆಫ್ರಿಕಾದ ಭಾಷಿ ಕಲಿತಿಯೇನು?"

"ತೆಲುಗು ಯಾವ ಸಾಲ್ಯಾಗ ಕಲ್ತೀನ್ರೀ? ಉರ್ದು ಯಾವ ಸಾಲ್ಯಾಗ ಕಲ್ತೆ? ಈ ಮಷೀನ್ ಯಾವ ಸಾಲ್ಯಾಗಿತ್ತು?"

ಹಾಗೆ ಅಂದು ಎದೆ ಎತ್ತಿ ಹೊರಗೆ ಬಂದೆ. ಮಾತು ಆಡಿಯಾಗಿತ್ತು, ಇನ್ನು ಕಲಿಯಲೇಬೇಕಿತ್ತು. ಇನ್ನೂ ಒಂದು ಕಾರಣವಿತ್ತು. ಮಷೀನು ಅಲ್ಲಿಗೆ ಹೋದ ಮೇಲೆ ಏನಾದರೂ ಕೆಟ್ಟರೆ ನಾನು ಇಲ್ಲಿಂದ ಫೋನಿನಲ್ಲೇ ಹೇಳಬೇಕು. ಅಲ್ಲಿಯ ಗಂಡಾಳುಗಳಿಗೆ ಸ್ವಾಹಿಲಿ ಬಿಟ್ಟರೆ ಬೇರೆ ತಿಳಿಯದು.

ವಸ್ತುಗಳ ಹೆಸರು ಬೇಗ ಬಂದವು. ಚೂರಿಗೆ ಕಿಸು. ಚರ್ಮಕ್ಕೆ ಎಂಗೋಜಿ. ಬೆಲ್ಟಿಗೆ ಮ್ಕಾಂಡ. ಸಂದಿಗೆ ಪೆಂಗೊ. ಕೆಲಸಗಾರ ಮಿಸ್ತ್ರಿಗೆ ಫುಂದಿ. ಆಕೆ ನನ್ನನ್ನು ಫುಂದಿ ಎಂದೇ ಕರೆಯುತ್ತಿದ್ದಳು. ಚಾಕ್‌ಪೀಸ್ ತಗೊಂಡು ಮಷೀನಿನ ಮೈಮೇಲೆಲ್ಲ ಕನ್ನಡದಲ್ಲಿ ಹೆಸರು ಬರೆದೆ. ನಾಲ್ಕು ದಿನಕ್ಕೆ ಎಲ್ಲ ಬಾಯಿಗೆ ಬಂತು ಅಂತ ಬೀಗುತ್ತಿದ್ದಾಗಲೇ ತೊಡಕು ಶುರುವಾಯಿತು.

ಚೂಪಾದ ಚೂರಿ ಎನ್ನಬೇಕಿತ್ತು. ಚೂಪಿಗೆ 'ಕಾಲಿ' ಎಂದು ಕೇಳಿಸಿಕೊಂಡಿದ್ದೆ. "ಕಾಲಿ ಕಿಸು" ಅಂದೆ.

ಆಕೆ ಕೈ ಎತ್ತಿ ನಿಲ್ಲಿಸಿದಳು. "ಹಪಾನ." ಹಪಾನ ಅಂದರೆ ಅಲ್ಲ. "ಕಿಸು ಕಿಕಾಲಿ."

ಸರಿ, ಕಿಕಾಲಿ ಅನ್ನೋದೇ ಚೂಪು ಇರಬೇಕು ಎಂದುಕೊಂಡೆ. ಚೂರಿಗಳು ಬಹಳ ಇದ್ದವು. ಬಹಳ ಚೂರಿಗೆ ವಿಸು. "ವಿಸು ಕಿಕಾಲಿ" ಅಂದೆ.

"ಹಪಾನ. ವಿಸು ವಿಕಾಲಿ."

ನಮ್ಮಲ್ಲಿ ದೊಡ್ಡ ಅಂದರೆ ಎಲ್ಲದಕ್ಕೂ ದೊಡ್ಡ. ದೊಡ್ಡ ಗೌಡ, ದೊಡ್ಡ ಎತ್ತು, ದೊಡ್ಡ ಗುಡ್ಡ, ದೊಡ್ಡ ದೊಡ್ಡ ಮಂದಿ. ಆ ಮಾತಿಗೆ ಯಾರ ಮುಲಾಜೂ ಇಲ್ಲ. ಅವರಲ್ಲಿ ದೊಡ್ಡದಕ್ಕೆ 'ಕುಬ್ವಾ' ಎಂಬುದು ಬರೀ ಬೇರು. ದೊಡ್ಡ ಮನುಷ್ಯನಾದರೆ ಮ್ಕುಬ್ವಾ, ದೊಡ್ಡ ಮಂದಿಯಾದರೆ ವಕುಬ್ವಾ. ದೊಡ್ಡ ಚೂರಿ ಕಿಕುಬ್ವಾ, ಚೂರಿಗಳು ವಿಕುಬ್ವಾ. ದೊಡ್ಡ ಬೆಲ್ಟುಗಳು ಮಿಕುಬ್ವಾ. ಮಷೀನಿಗೆ, ಸಂದಿಗೆ ಏನೂ ಹತ್ತದೆ ಬರೀ ಕುಬ್ವಾ. ಜಗತ್ತಿನ ವಸ್ತುಗಳನ್ನೆಲ್ಲ ಅವರು ಗುಂಪು ಗುಂಪಾಗಿ ಪಾಲು ಮಾಡಿಟ್ಟಿದ್ದಾರೆ. ಒಂದೊಂದು ಗುಂಪಿಗೂ ಮುಂದೆ ಒಂದೊಂದು ತುಣುಕು. ವಸ್ತು ಯಾವ ಗುಂಪಿನದೋ, ಅದರ ಗುಣವೂ ಆ ಗುಂಪಿನ ತುಣುಕನ್ನೇ ಮುಂದೆ ಕಟ್ಟಿಕೊಂಡು ಬರಬೇಕು.

ಬರೀ ಬಾಯಿಪಾಠ ಮಾಡಿ ಗೆಲ್ಲಲು ನೋಡಿದೆ. ಆಗಲಿಲ್ಲ. ಹೊಸ ಮಾತು ಬಂದ ಕೂಡಲೇ ಹಳೆಯದೂ ಕಲಸಿಹೋಗುತ್ತಿತ್ತು. ಉದ್ದನೆಯ ಬೆಲ್ಟಿಗೆ ಮ್ಕಾಂಡ ಮ್ರೆಫು. ಅದೇ ಉದ್ದ ಚರ್ಮಕ್ಕೆ ಬಂದರೆ ಎಂಗೋಜಿ ಎಂಡೆಫು. 'ರ' ಹೋಗಿ 'ಡ' ಎಲ್ಲಿಂದ ಬಂತು? ಆಕೆಗೂ ಹೇಳಲು ಬರಲಿಲ್ಲ. ಭುಜ ಹಾರಿಸಿ, "ತೇನಾ," ಅಂದಳು. ತೇನಾ ಅಂದರೆ ಇನ್ನೊಮ್ಮೆ.

ತಪ್ಪಿದಾಗೆಲ್ಲ ಆಕೆ ಅಲ್ಲೇ, ಆಗಲೇ, ಎಲ್ಲರ ಎದುರಿಗೆ ಹಪಾನ ಅನ್ನುತ್ತಿದ್ದಳು. ಸಾವ್ಕಾರರು ನಿಂತಿದ್ದರೂ ಬಿಡುತ್ತಿರಲಿಲ್ಲ. ನನ್ನ ಪೂರಾ ಮಾತು ಮುಗಿಯಲಿ ಅನ್ನುವ ಕಾಯುವಿಕೆಯೂ ಇಲ್ಲ. ಹತ್ತಿ ಹಸನು ಮಾಡುವ ಹೆಂಗಸರಿಗೆ ಇದು ನಾಟಕಕ್ಕಿಂತ ಚೆನ್ನಾಗಿತ್ತು. ಬಿಡುವಿನಲ್ಲಿ ಅವ್ವ ನನ್ನ ಮುಂದೆ ಕೈ ಎತ್ತಿ ನಿಲ್ಲುತ್ತಿದ್ದಳು. "ಹಪಾನ, ಮಿಸ್ತ್ರಿ! ಚಾ ಹಂಗಲ್ಲ ಕುಡಿಯಾದು. ತೇನಾ!"

ಈ ಊರಿನ ಯಾವ ಮಿಲ್ಲಿನಲ್ಲೂ ನನ್ನ ಕೆಲಸಕ್ಕೆ ಯಾರೂ ತಪ್ಪು ಅಂದದ್ದಿಲ್ಲ. ಮೈ ಉರಿಯಿತು. ಒಂದು ದಿನ ಗುಮಾಸ್ತನನ್ನು ಕರೆದುಕೊಂಡು ಹೋಗಿ ಕೇಳಿಸಿದೆ, "ತಪ್ಪಿದ್ರೂ ತಿಳಿತೈತಲ್ಲ, ಬಿಡಬಾರದೇನು ಅಂತ ಕೇಳು."

ಆಕೆಯ ಉತ್ತರವನ್ನು ಗುಮಾಸ್ತ ಈ ಸಲ ಪೂರಾ ಹೇಳಿದ. "ನನ್ನ ಗಂಡಾಳುಗಳು ನಿನ್ನ ಮಾತಿಗೆ ಒಂದು ಸಲ ನಕ್ಕರೆ ಆಮೇಲೆ ವಿಷಯ ಕೇಳುವುದಿಲ್ಲ. ಅದಕ್ಕೇ ಇಲ್ಲೇ ನಾನೇ ನಿಲ್ಲಿಸುತ್ತೇನೆ."

ಮತ್ತೆ ಚಾಕ್‌ಪೀಸ್ ತಗೊಂಡು ಮಷೀನಿನ ಮುಂದೆ ಕೂತೆ.

ದಾರಿ ಸಿಕ್ಕಿದ್ದು ಪಾನಾ ಹಲಗೆಯ ಮುಂದೆ. ಗೋಡೆಗೆ ಪಾನಾಗಳನ್ನು ಅಳತೆ ಪ್ರಕಾರ ತೂಗುಹಾಕಿದ್ದೇನೆ. ಯಾವ ಫಿಟ್ಟರನೂ ಮೊದಲು ಪಾನಾ ತೆಗೆದುಕೊಂಡು ಆಮೇಲೆ ಬೋಲ್ಟ್ ಹುಡುಕುವುದಿಲ್ಲ. ಬೋಲ್ಟ್ ನೋಡುತ್ತಾನೆ, ಕೈ ತಾನಾಗಿ ಸರಿಯಾದ ಪಾನಾಕ್ಕೆ ಹೋಗುತ್ತದೆ. ನಾನು ಕನ್ನಡದ ರೂಢಿಯಂತೆ 'ಚೂಪಾದ' ಎಂದು ಮೊದಲು ಯೋಚಿಸಿ ಆಮೇಲೆ 'ಚೂರಿ'ಗೆ ಹೋಗುತ್ತಿದ್ದೆ. ಪಾನಾ ಮೊದಲು, ಬೋಲ್ಟ್ ಆಮೇಲೆ. ಅವರಲ್ಲಿ ವಸ್ತು ಮೊದಲು ಬರುತ್ತದೆ, ಗುಣ ಹಿಂದೆ. ವಸ್ತುವನ್ನು ಮುಂದೆ ಇಟ್ಟುಕೊಂಡೇ ಯೋಚನೆ ಮಾಡಿದರೆ ಅದರ ತುಣುಕು ಬಾಯಲ್ಲೇ ಇರುತ್ತದೆ. ಅದನ್ನೇ ಗುಣಕ್ಕೂ ಹಚ್ಚುವುದು ಅಷ್ಟೇ.

ಅವತ್ತಿನಿಂದ ಬಾಯಿಪಾಠ ಬಿಟ್ಟೆ. ಒಂದು ವಸ್ತುವನ್ನು ಕೈಯಲ್ಲಿ ಹಿಡಿದು, ಅದರ ಹೆಸರು ಹೇಳಿ, ದೊಡ್ಡದು, ಸಣ್ಣದು, ಉದ್ದ, ಕೆಟ್ಟದ್ದು ಎಲ್ಲವನ್ನೂ ಅದಕ್ಕೆ ಕೂಡಿಸುವುದು. ಆಮೇಲೆ ಅಂಥವೇ ಎರಡು ಹಿಡಿದು ಮತ್ತೆ ಹೇಳುವುದು. ಹಾಳಾದ ಬೆಲ್ಟು ಮ್ಕಾಂಡ ಮ್ಬೋವು. ಹಾಳಾದ ಬೆಲ್ಟುಗಳು ಮಿಕಾಂಡ ಮಿಬೋವು. ನಡುವೆ ಕೆಲವು ಪುಣ್ಯದ ಮಾತುಗಳೂ ಸಿಕ್ಕವು. 'ಸಾಫಿ' ಅಂದರೆ ಸಾಫು, 'ತಯಾರಿ' ಅಂದರೆ ತಯಾರು. ನಮ್ಮ ಬಜಾರದ ಉರ್ದುವಿನ ನೆಂಟರು. ಅವು ಯಾವ ಗುಂಪಿನ ಜೊತೆ ನಿಂತರೂ ವೇಷ ಬದಲಿಸುವುದಿಲ್ಲ. ದಣಿವಾದಾಗ ನಾನು ಬರೀ ಸಾಫಿ, ತಯಾರಿ ಎಂದೇ ಮಾತಾಡಿ ಕಾಲ ತಳ್ಳುತ್ತಿದ್ದೆ. ಆಕೆಗೆ ಅದೂ ಗೊತ್ತಾಗಿ ನಗುತ್ತಿದ್ದಳು.

ಫುಂದಿಯ ವಿಷಯದಲ್ಲಿ ಒಮ್ಮೆ ಮುಗ್ಗರಿಸಿದೆ. ಆ ಶಬ್ದದ ಮುಂದೆ ಮನುಷ್ಯರ ತುಣುಕಿಲ್ಲ. ಅದಕ್ಕೆ ಮಷೀನಿನ ಗುಂಪು ಎಂದುಕೊಂಡು ಹಾಗೇ ಹೇಳಿದೆ. ಆಕೆ ಹಪಾನ ಅಂದು, ನನ್ನ ಎದೆಗೆ ಬೆರಳಿಟ್ಟು, ಆಮೇಲೆ ಮಷೀನಿಗೆ ಬೆರಳಿಟ್ಟು, ತಲೆ ಅಲ್ಲಾಡಿಸಿದಳು. ಹೆಸರು ಹೇಗಾದರೂ ಇರಲಿ, ಉಸಿರಾಡುವವನು ಮನುಷ್ಯರ ಗುಂಪಿಗೇ ಸೇರಬೇಕು. ಫುಂದಿ ಮ್ಜೂರಿ, ಒಳ್ಳೆಯ ಮಿಸ್ತ್ರಿ. ನಮ್ಮಲ್ಲೂ ಎರಡು ಎತ್ತು ಅಂತೀವಿ, ಎರಡು ಮಂದಿ ಅನ್ನದೆ ಇಬ್ಬರು ಅಂತೀವಲ್ಲ. ಅಷ್ಟು ತಿಳಿದ ಮೇಲೆ ಅದು ಮರೆಯಲಿಲ್ಲ.

ಇತ್ತ ಆಕೆಯ ಕಲಿಕೆ ನಡೆದಿತ್ತು. ಹೊರಗಿನವರಿಗೆ ಬಹಳ ಚೆನ್ನಾಗಿ ಕಾಣುತ್ತಿತ್ತು. ಅಲ್ಲೇ ಇದ್ದದ್ದು ತೊಡಕು.

ಆದೋನಿಯ ಹಳೇ ಮಿಸ್ತ್ರಿಗಳದ್ದು ಒಂದು ಪದ್ಧತಿ ಐತಿ. ಕಲಿಯುವವನು ಮಾಡಿದ್ದನ್ನು ಎದುರಿಗೆ ತಪ್ಪು ಅನ್ನುವುದಿಲ್ಲ. ಅವನು ಕೈ ತೊಳೆಯಲು ಹೋದಾಗ ಪಾನಾ ತೆಗೆದುಕೊಂಡು, ನಟ್ಟನ್ನು ಒಂದು ಚೂರು ತಿರುಗಿಸಿ ಬರುವುದು. ಇದಕ್ಕೆ ಕೈ ಹಾಕಿ ಬರುವುದು ಎನ್ನುತ್ತೇವೆ. ಆಳುಗಳ ಮುಂದೆ ತಪ್ಪಿತಸ್ಥ ಅನ್ನಿಸಿಕೊಂಡ ಫಿಟ್ಟರನ ಮಾತನ್ನು ಆಮೇಲೆ ಯಾರೂ ಕೇಳುವುದಿಲ್ಲ, ಅದಕ್ಕೆ ಈ ಮರ್ಯಾದೆ. ನನ್ನ ಉಸ್ತಾದರೂ ನನಗೆ ಹೀಗೇ ಮಾಡಿದವರು. ನಟ್ಟಿಗೆ ಹಚ್ಚಿದ ಬಣ್ಣದ ಗುರುತು ಸರಿದಿದ್ದನ್ನು ಕಂಡು ನಾನೇ ಒಂದು ದಿನ ಪತ್ತೆ ಹಚ್ಚಿದೆ, ಅವರು ತಿರುಗಿಸಿದ್ದನ್ನು ನೋಡಿ ನೋಡಿ ಕಲಿತೆ. ಅದರಲ್ಲಿ ವರ್ಷಗಳು ಹೋದವು. ಆಗ ನಮಗೆ ವರ್ಷಗಳಿದ್ದವು.

ಫಿಟ್ಟರಮ್ಮನ ಮಷೀನುಗಳಿಗೂ ನಾನು ಕೈ ಹಾಕಿ ಬರುತ್ತಿದ್ದೆ. ಆಕೆಯ ಎಡಗಡೆ ಚೂರಿ ಯಾವಾಗಲೂ ಸರಿ ಕೂಡುತ್ತಿತ್ತು. ಬಲಗಡೆ ಒತ್ತಡ ಹೆಚ್ಚಾಗುತ್ತಿತ್ತು, ಸಂದೂ ಸ್ವಲ್ಪ ಜಾಸ್ತಿ ಉಳಿಯುತ್ತಿತ್ತು. ಎಡಗಡೆ ಪೇಪರ್ ಪಟ್ಟಿಯನ್ನು ಎಡಗೈಯಲ್ಲಿ, ಬಲಗಡೆ ಬಲಗೈಯಲ್ಲಿ ಎಳೆಯುವ ಅಭ್ಯಾಸ; ಬಲಗೈ ಎಳೆತ ಜೋರು, ಪಟ್ಟಿ ಸುಮ್ಮನೆ ಬಂತು ಅನ್ನಿಸಿ ಚೂರಿಯನ್ನು ಇನ್ನೂ ಒತ್ತಿಬಿಡುತ್ತಿದ್ದಳು. ಆಕೆ ಊಟಕ್ಕೆ ಹೋದಾಗ ನಾನು ಬಲಗಡೆ ನಟ್ಟು ಸರಿಮಾಡುತ್ತಿದ್ದೆ. ಮಷೀನು ಹಾಕಿದರೆ ಅರಳೆ ಹಾಲಿನ ಕೆನೆಯಂತೆ ಬರುತ್ತಿತ್ತು. ಆಕೆ ಅದನ್ನು ಫೋನಿನಲ್ಲಿ ಚಿತ್ರ ಹಿಡಿದು ಊರಿಗೆ ಕಳಿಸುತ್ತಿದ್ದಳು. ಹೀಗೇ ಒಂದಾದ ಮೇಲೊಂದು ಆರು ಮಷೀನು ಆದವು. ಸಾವ್ಕಾರರು ಕಂಟೇನರಿಗೆ ಹೇಳಿಬಿಟ್ಟರು.

ಆರನೆಯದು ನಡೆಸಿ ತೋರಿಸಿದ ದಿನ ಆಕೆ ಹೆಂಗಸರ ನಡುವೆ ನಿಂತು ಕುಣಿದೇಬಿಟ್ಟಳು. ಎಲ್ಲರೂ ಚಪ್ಪಾಳೆ ಹೊಡೆದರು. ಅವ್ವ ಮಾತ್ರ ಚಪ್ಪಾಳೆ ಹೊಡೆಯದೆ ನನ್ನ ಹತ್ತಿರ ಬಂದಳು. ಆಕೆ ಕೂತು ಹತ್ತಿ ಹಸನು ಮಾಡುವ ಜಾಗದಿಂದ ಮಷೀನಿನ ಬಲಗಡೆ ನೇರ ಕಾಣುತ್ತದೆ.

"ದಿನಾ ಆಕಿ ಉಣ್ಣಾಕ ಹೋದಾಗ ಏನ್ ಮಾಡ್ತಿಪ್ಪಾ ಅಲ್ಲಿ?"

"ಸ್ವಲ್ಪ ಕೈ ಹಾಕಿ ಬರ್ತೀನವ್ವಾ. ಹೊಸಬಾಕಿ ಅಲ್ಲೇನು."

"ಹೂಂ. ಕಂಟೇನರ್‌ನ್ಯಾಗ ಮಷೀನಿನ ಜೊತಿ ನೀನೂ ಕುಂತು ಹೊಂಟೀಯೇನು?"

"ನಾನ್ಯಾಕ ಹೋಗ್ಲಿ?"

"ಮತ್ತ ಅಲ್ಲಿ ಆಕಿ ಉಣ್ಣಾಕ ಹೋದಾಗ ಯಾರಪ್ಪಾ ಕೈ ಹಾಕಾವ್ರು?"

ಅಷ್ಟು ಹೇಳಿ, ಸೆರಗು ಜಾಡಿಸಿ ಹೊರಟುಹೋದಳು.

ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಅದೇ ಲೆಕ್ಕ ಹಾಕಿದೆ. ಆಕೆ ನನ್ನ ಒಂದು ತಪ್ಪನ್ನೂ ಬಿಟ್ಟಿರಲಿಲ್ಲ, ಅದಕ್ಕೇ ನನಗೆ ಮಾತು ಬಂದಿತ್ತು. ನಾನು ಆಕೆಯ ಒಂದು ತಪ್ಪನ್ನೂ ಹೇಳಿರಲಿಲ್ಲ. ಮರ್ಯಾದೆ ಕೊಟ್ಟೆ ಎಂದುಕೊಂಡಿದ್ದೆ. ಆದರೆ ಅಲ್ಲಿ ಮೊದಲ ದಿನವೇ ಆ ಗಂಡಾಳುಗಳ ಮುಂದೆ ಬಲಗಡೆ ಚರ್ಮ ಸುಟ್ಟು ವಾಸನೆ ಬಂದರೆ, ಆಕೆಗೆ ಯಾಕೆಂದೂ ತಿಳಿಯುವುದಿಲ್ಲ.

ಮರುದಿನ ಏಳನೇ ಮಷೀನು. ಆಕೆ ಕೂಡಿಸಿ ಊಟಕ್ಕೆ ಹೋದಳು. ನಾನು ಪಾನಾ ಮುಟ್ಟಲಿಲ್ಲ. ಸುಮ್ಮನೆ ಕೂತಿರುವುದು ಅಷ್ಟು ಕಷ್ಟ ಎಂದು ಗೊತ್ತಿರಲಿಲ್ಲ. ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ.

ಆಕೆ ಬಂದು ಗುಂಡಿ ಒತ್ತಿದಳು. ಮೊದಲಿಗೆ ಸರಿ ನಡೆಯಿತು. ಆಮೇಲೆ ಬಲಗಡೆಯಿಂದ ಬಿದ್ದ ಕಾಳು ಒಡೆದು ಬಂದವು. ಸ್ವಲ್ಪ ಹೊತ್ತಿಗೆ ಸುಟ್ಟ ಚರ್ಮದ ವಾಸನೆ ಹರಡಿತು. ಆಕೆಯೇ ಮಷೀನು ನಿಲ್ಲಿಸಿದಳು. ನನ್ನ ಕಡೆ ನೋಡಿದಳು. ಕೆಲಸ ಬಿಟ್ಟು ಹೆಂಗಸರೆಲ್ಲ ನೋಡುತ್ತಿದ್ದರು. ಗುಮಾಸ್ತನೂ ಬಾಗಿಲಿಗೆ ಬಂದ.

ಗುಮಾಸ್ತನನ್ನು ಕರೆಯಬಹುದಿತ್ತು. ಕರೆಯಲಿಲ್ಲ. ಬಲಗಡೆ ಚೂರಿಯ ಮೇಲೆ ಕೈಯಿಟ್ಟು, ವಸ್ತುವನ್ನು ಮೊದಲು ಬಾಯಿಗೆ ತಂದುಕೊಂಡು ಹೇಳಿದೆ. ಚೂರಿ ಒಳ್ಳೆಯದು, ಕಿಸು ಕಿಜೂರಿ. ಸಂದು ದೊಡ್ಡದು, ಪೆಂಗೊ ಕುಬ್ವಾ. ಇಲ್ಲಿ ಒತ್ತಡ ಬಹಳ. ನಿನ್ನೆಯದೂ ಹೀಗೇ ಇತ್ತು. ಅದರ ಹಿಂದಿನವೂ ಹೀಗೇ ಇದ್ದವು. ನೀನು ಊಟಕ್ಕೆ ಹೋದಾಗ ನಾನು ಸರಿ ಮಾಡಿದೆ.

ಈ ಸಲ ಆಕೆ ಕೈ ಎತ್ತಲಿಲ್ಲ. ನನ್ನ ಮಾತಿನಲ್ಲಿ ತಪ್ಪಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. "ಎಲ್ಲಾನೂ?" ಎಂದು ಕನ್ನಡದಲ್ಲೇ ಕೇಳಿದಳು. ಹೆಂಗಸರಿಂದ ಅಷ್ಟು ಕಲಿತಿದ್ದಳು.

"ಎಲ್ಲಾನೂ," ಅಂದೆ.

ಪಾನಾವನ್ನು ಮಷೀನಿನ ಮೇಲಿಟ್ಟು ಹೋದಳು. ಅವತ್ತು ಮತ್ತೆ ಹಾಲಿಗೆ ಬರಲಿಲ್ಲ. ಅವ್ವನ ಪಕ್ಕ ಕೂತು ಸಂಜೆಯವರೆಗೆ ಹತ್ತಿಯಲ್ಲಿನ ಕಸ ಆರಿಸಿದಳು. ಗುಮಾಸ್ತ ನನ್ನನ್ನೇ ಬೈದ. "ಏಂ ಅಣ್ಣಾ, ಇನ್ನೆರಡು ಮಷೀನ್ ಇದ್ವು. ಕಣ್ಣು ಮುಚ್ಚಿಕೊಂಡು ಕೈ ಹಾಕಿದ್ರ ಮುಗೀತಿತ್ತು."

ಮರುದಿನ ನಾನು ಬರುವ ಹೊತ್ತಿಗೆ ಆಕೆ ಆಗಲೇ ಹಾಲಿನಲ್ಲಿದ್ದಳು. ಮೊದಲನೇ ಮಷೀನಿನ ಮುಂದೆ ಬಗ್ಗಿದ್ದಳು. ಹತ್ತಿರ ಹೋಗಿ ನೋಡಿದರೆ ಕೂಡಿಸಿದ್ದ ಚೂರಿಗಳನ್ನೆಲ್ಲ ಸಡಿಲ ಮಾಡುತ್ತಿದ್ದಳು. ಒಂದಲ್ಲ. ಒಂದರಿಂದ ಏಳರವರೆಗೆ ಎಲ್ಲವನ್ನೂ.

ಸುದ್ದಿ ಹೋಗಿ ಸಾವ್ಕಾರರು ಓಡಿ ಬಂದರು. "ಮಿಸ್ತ್ರಿ, ಏನಿದು? ಪಾಸಾದ ಮಷೀನ್ ಬಿಚ್ಯಾಳ ಆಕಿ! ಕಂಟೇನರ್ ಬರೋದೈತಿ! ನಿಲ್ಲಸು ಆಕಿನ್ನ!"

"ಪಾಸಾಗಿದ್ದು ನಾನ್ರೀ, ಆಕಿ ಅಲ್ಲ," ಅಂದೆ.

"ಏನಂದಿ?"

"ಆರೂ ನನ್ನ ಕೈಯ್ಯಾವು. ಆಕಿ ಕೈಯ್ಯಾವು ಅಂತ ಹೇಳಿ ಕಳಿಸಿದ್ರ, ಅಲ್ಲಿ ಸುಟ್ಟ ದಿನ ಆಕಿ ಕಾಟಾಕ್ಕ ಹೋಗ್ತಾಳ, ನಮ್ಮ ಮಷೀನಿಗೆ ಕೆಟ್ಟ ಹೆಸರು ಬರ್ತೈತಿ. ಕಂಟೇನರ್ ಮುಂದಕ ಹಾಕ್ರಿ. ಇಲ್ಲಂದ್ರ ಈಗ ಹೇಳ್ರಿ, ಗುಮಾಸ್ತನ್ನ ನಿಲ್ಲಿಸ್ಕಂಡು ನೀವೇ ಕಲಸ್ರಿ."

ನನಗೆ ಬಾಯಿ ಜಾಸ್ತಿಯಾಯಿತು ಎಂದು ಆಗಲೇ ಅನ್ನಿಸಿತು. ಹಿಂದಕ್ಕೆ ತೆಗೆದುಕೊಳ್ಳುವ ಮನಸ್ಸಾಗಲಿಲ್ಲ. ಸಾವ್ಕಾರರು ಬಿಚ್ಚಿದ ಮಷೀನುಗಳ ಸಾಲನ್ನು ಒಂದು ಸಲ, ನನ್ನನ್ನು ಒಂದು ಸಲ ನೋಡಿದರು. ಫಿಟ್ಟರಮ್ಮ ತಲೆ ಎತ್ತದೆ ನಟ್ಟು ಬಿಚ್ಚುತ್ತಲೇ ಇದ್ದಳು. "ಬಡ್ಡಿಮಗನ ಸೊಕ್ಕು ನೋಡು," ಅಂತ ಗೊಣಗಿ ಅವರು ಹೊರಗೆ ಹೋಗಿ ಫೋನು ಹಚ್ಚಿದರು. ಕಂಟೇನರು ಬರುವ ದಿನ ಮುಂದಕ್ಕೆ ಹೋಯಿತು.

ಆಮೇಲಿನ ಕೆಲಸ ಮೊದಲಿನಂತಿರಲಿಲ್ಲ. ಆಕೆ ನಟ್ಟು ತಿರುಗಿಸುತ್ತಿದ್ದಳು, ನಾನು ಕೈ ಹಿಂದೆ ಕಟ್ಟಿ ನಿಲ್ಲುತ್ತಿದ್ದೆ. ತಪ್ಪು ಕಂಡ ಕೂಡಲೇ ಹಪಾನ ಅನ್ನುತ್ತಿದ್ದೆ. ಅಷ್ಟಕ್ಕೆ ಆಕೆ ಬಿಡುತ್ತಿರಲಿಲ್ಲ, ಯಾವುದು, ಎಲ್ಲಿ, ಹೇಗೆ ಎಂದು ಪೂರಾ ಹೇಳಿಸುತ್ತಿದ್ದಳು. ಹೇಳುವಾಗ ನಾನು ತಪ್ಪಿದರೆ ಆಕೆ ಹಪಾನ. ಅಕ್ಕಪಕ್ಕದವರಿಗೆ ಯಾರು ಯಾರಿಗೆ ಕಲಿಸುತ್ತಿದ್ದಾರೆ ಎಂದೇ ತಿಳಿಯುತ್ತಿರಲಿಲ್ಲ.

"ಜಗಳ ಆಡ್ತಾರೋ, ಕೆಲಸ ಮಾಡ್ತಾರೋ," ಅಂದಳು ಒಬ್ಬಾಕೆ.

"ಎರಡೂ ಒಂದ ಸಲಕ್ಕ ಮಾಡ್ತಾರ. ನೀನು ಹತ್ತಿ ನೋಡು," ಅಂದಳು ಅವ್ವ.

ಬಲಗೈ ಎಳೆತ ಸುಲಭಕ್ಕೆ ಹೋಗಲಿಲ್ಲ. ಹೇಳಿ ಹೇಳಿ ಸಾಕಾಯಿತು. ಕೊನೆಗೆ ಆಕೆಯೇ ಉಪಾಯ ಕಂಡುಕೊಂಡಳು. ಬಲಗಡೆ ಚೂರಿಗೆ ಬಂದಾಗ ಮಷೀನಿನ ಆ ಬದಿಗೆ ಹೋಗಿ ನಿಂತು, ಪಟ್ಟಿಯನ್ನು ಎಡಗೈಯಲ್ಲೇ ಎಳೆಯತೊಡಗಿದಳು. ನಮ್ಮಲ್ಲಿ ಹಾಗೆ ಯಾರೂ ಮಾಡುವುದಿಲ್ಲ. ನಾನು ಬಾಯಿ ತೆರೆದವನು ಮುಚ್ಚಿದೆ. ಒತ್ತಡ ಸರಿಯಾಗಿ ಬಂದಿತ್ತು.

ಎಂಟನೆಯದನ್ನು ಕೂಡಿಸುವಾಗ ನಾನು ಹಾಲಿನಲ್ಲೇ ಇರಲಿಲ್ಲ. ಹೊರಗೆ ಚಾ ಕುಡಿಯುತ್ತಿದ್ದೆ. ಮಷೀನು ಶುರುವಾದ ಸದ್ದು ಬಂತು, ಸ್ವಲ್ಪ ಹೊತ್ತಿಗೆ ನಿಂತಿತು. ಎದ್ದು ಹೋಗಲು ಕಾಲು ತುಡಿಯಿತು. ಕೂತೆ. ಮತ್ತೆ ಶುರುವಾಯಿತು. ಈ ಸಲ ನಿಲ್ಲಲಿಲ್ಲ. ಆಮೇಲೆ ಕೇಳಿದರೆ, ಆಡುವ ಚೂರಿಯ ಸದ್ದು ಗಡುಸಾಗಿ ಕೇಳಿತಂತೆ, ನಿಲ್ಲಿಸಿ ಸರಿಮಾಡಿದಳಂತೆ. ಯಾರೂ ಹೇಳಿಕೊಟ್ಟಿರಲಿಲ್ಲ.

ಕಂಟೇನರು ಹೋಯಿತು, ಆಕೆಯೂ ಹೋದ ಮೇಲೆ ಮಿಲ್ಲಿನಲ್ಲಿ ಬೇರೆ ಕೆಲಸ ಶುರುವಾಯಿತು. ಮಳೆ ಬಂದು ನಮ್ಮಲ್ಲಿ ಹತ್ತಿ ಬಿತ್ತುವ ಹೊತ್ತಿಗೆ ಒಂದು ಮಧ್ಯಾಹ್ನ ವಿಡಿಯೋ ಕಾಲ್ ಬಂತು. ಅಲ್ಲಿ ಎಂಟೂ ಮಷೀನು ಸಾಲಾಗಿ ನಿಂತಿದ್ದವು. ಅವತ್ತೇ ಮೊದಲ ಸಲ ಹತ್ತಿ ಹಾಕುವುದಂತೆ. ಹಿಂದೆ ಗಂಡಾಳುಗಳು ಕೈಕಟ್ಟಿ ನಿಂತಿದ್ದರು. ಇಸ್ತ್ರಿ ಅಂಗಿಯ ಒಬ್ಬ, ಮ್ಯಾನೇಜರ್ ಇರಬೇಕು, ಪಕ್ಕದಲ್ಲಿದ್ದ. ಫಿಟ್ಟರಮ್ಮ ಫೋನು ಹಿಡಿದು ಒಂದೊಂದೇ ಮಷೀನು ತೋರಿಸುತ್ತಾ ಬಂದಳು. ಚೂರಿಗಳೆಲ್ಲ ಸರಿ. ಮೂರನೆಯದರ ಹತ್ತಿರ ಬಂದಾಗ ನನ್ನ ಕಣ್ಣು ಬೆಲ್ಟಿನ ಮೇಲೆ ನಿಂತಿತು. ಬೆಲ್ಟು ಸಡಿಲವಿತ್ತು. ಹತ್ತಿ ಬಿದ್ದ ಕೂಡಲೇ ಜಾರುತ್ತದೆ.

ಆಕೆ, "ಹೇಗಿದೆ ಫುಂದಿ?" ಅಂತ ಅವರ ಮಾತಿನಲ್ಲಿ ಕೇಳಿದಳು. ಎಲ್ಲರೂ ಫೋನಿನ ಕಡೆ ನೋಡುತ್ತಿದ್ದರು. ಚೆನ್ನಾಗಿದೆ ಎಂದು ಹೇಳಿ, ಕಾಲ್ ಮುಗಿಸಿ, ಆಮೇಲೆ ಒಬ್ಬಳಿಗೇ ಫೋನು ಮಾಡಿ ಹೇಳಬಹುದು ಅನ್ನಿಸಿತು. ನಾಲಿಗೆಯ ಮೇಲೆ ಬೆಲ್ಟು ಬಂತು, ಅದರ ತುಣುಕೂ ಬಂತು.

"ಮ್ಕಾಂಡ ಮ್ಲೆಗೆವು," ಅಂದೆ. ಬೆಲ್ಟು ಸಡಿಲ.

ಹಿಂದೆ ಯಾವನೋ ಒಬ್ಬ ನಕ್ಕ. ನನ್ನ ಮಾತಿಗಲ್ಲ, ಆಕೆಗೆ. ಆಕೆ ಬಗ್ಗಿ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಎದ್ದು, ನಕ್ಕವನನ್ನು ಬೆರಳು ಮಾಡಿ ಕರೆದಳು. ಅವನ ಹೆಬ್ಬೆರಳನ್ನೇ ಹಿಡಿದು ಬೆಲ್ಟಿನ ಮೇಲೆ ಒತ್ತಿಸಿ, ಏನು ತಪ್ಪು, ಎಲ್ಲಿ ತಪ್ಪು ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಬಹಳ ಜೋರಾಗಿ, ಬೇಗ ಬೇಗ ಹೇಳಿದಳು. ನನಗೆ ಪೂರಾ ತಿಳಿಯಿತು. ಅವನ ಕೈಗೆ ಪಾನಾ ಕೊಟ್ಟಳು. ಮ್ಯಾನೇಜರು ಬಗ್ಗಿ ನೋಡಿ ಹೌದೆಂದು ತಲೆದೂಗಿದ.

ಅಷ್ಟರಲ್ಲಿ ಫೋನನ್ನು ಯಾರ ಕೈಗೋ ಕೊಟ್ಟಿದ್ದಳು. ನನಗೆ ತಗಡಿನ ಮಾಳಿಗೆಯೂ ಯಾರದೋ ಬೆರಳೂ ಮಾತ್ರ ಕಾಣುತ್ತಿದ್ದವು. ಆಮೇಲೆ ಮೂರನೇ ಮಷೀನು ಶುರುವಾಯಿತು, ಹತ್ತಿ ಬಿತ್ತು. ಕಣ್ಣು ಮುಚ್ಚಿ ಕೇಳಿದೆ. ಬೆಲ್ಟು ಜಾರಲಿಲ್ಲ, ಚೂರಿ ಗಡುಸಾಗಲಿಲ್ಲ. ಬಹಳ ಹೊತ್ತು ಕೇಳಿದೆ. ಹಪಾನ ಅನ್ನುವಂಥದ್ದು ಏನೂ ಇರಲಿಲ್ಲ. ಫೋನು ಇಟ್ಟೆ.